ಚಿತ್ರಕ್ಕೂ ಬೇಕು ಸನದ್: ಯುದ್ಧಕಾಲದ ಮೂಲ ಛಾಯಾಮುದ್ರಣಗಳ ಸಂಗ್ರಹ

ಯುದ್ಧಗಳ ಇತಿಹಾಸ ನಮಗೆ ಎರಡು ದಾರಿಗಳಿಂದ ತಲುಪುತ್ತದೆ. ಒಂದು ಬರಹದ ದಾರಿ, ಇನ್ನೊಂದು ಚಿತ್ರದ ದಾರಿ. ಓದಿದ್ದನ್ನು ಮರೆತವರಿಗೂ ನೋಡಿದ ಚಿತ್ರ ನೆನಪಿರುತ್ತದೆ. ಬರ್ಲಿನ್ ನಗರದ ಮೇಲೆ ಧ್ವಜ ಹಾರಿಸುತ್ತಿರುವ ಸೈನಿಕರು, ಗುಂಡೇಟಿಗೆ ಹಿಂದಕ್ಕೆ ಬೀಳುತ್ತಿರುವ ಸ್ಪೇನಿನ ಯೋಧ, ಬಂಗಾಳದ ಬೀದಿಯಲ್ಲಿ ಹಸಿವಿನಿಂದ ಕಂಗಾಲಾದ ತಾಯಂದಿರು - ಇವೆಲ್ಲ ಪಠ್ಯಪುಸ್ತಕಗಳ ಮೂಲಕ, ಪತ್ರಿಕೆಗಳ ಮೂಲಕ ನಮ್ಮ ಮನಸ್ಸಿನಲ್ಲಿ ಅಚ್ಚೊತ್ತಿದ ಚಿತ್ರಗಳು. ಆದರೆ ನಾವು ನೋಡಿರುವುದು ಪ್ರತಿಯ ಪ್ರತಿಯನ್ನು. ಹಾಗಾದರೆ ಮೊದಲ ಕಾಗದ ಎಲ್ಲಿದೆ? ಅದನ್ನು ಯಾರು ಕಾಪಾಡಿದ್ದಾರೆ? ಕಂಪ್ಯೂಟರಿನಲ್ಲಿ ಕ್ಷಣಾರ್ಧದಲ್ಲಿ ಚಿತ್ರ ದೊರೆಯುವ ಈ ಕಾಲದಲ್ಲಿ ಹಳೆಯ ಕಾಗದವನ್ನು ಹುಡುಕಿ ಸಂಗ್ರಹಿಸುವ ಅಗತ್ಯವಾದರೂ ಏನು?

ಈ ಪ್ರಶ್ನೆಗೆ ಉತ್ತರ ಹುಡುಕುವಾಗ ನಮಗೆ ಚೆನ್ನಾಗಿ ಪರಿಚಯವಿರುವ ಒಂದು ವಿದ್ಯೆ ನೆನಪಿಗೆ ಬರುತ್ತದೆ. ಅದು ಹದೀಸ್ ವಿಜ್ಞಾನ. ಇಮಾಮ್ ಬುಖಾರಿಯವರಂತಹ ಮಹನೀಯರು ಒಂದು ವಚನವನ್ನು ಸ್ವೀಕರಿಸುವ ಮುನ್ನ ಅದರ ಮಾತನ್ನು ಮಾತ್ರ ನೋಡಲಿಲ್ಲ. ಅದು ಯಾರಿಂದ ಯಾರಿಗೆ ಬಂತು ಎಂಬ ಸರಪಳಿಯನ್ನೂ ಪರಿಶೀಲಿಸಿದರು. ಮಾತು 'ಮತ್ನ್', ಸರಪಳಿ 'ಸನದ್'. ಛಾಯಾಚಿತ್ರಕ್ಕೂ ಇವೆರಡೂ ಇವೆ. ಮುಂಭಾಗದಲ್ಲಿ ಕಾಣುವ ದೃಶ್ಯ ಅದರ ಮತ್ನ್ ಆದರೆ, ಆ ಕಾಗದ ಎಲ್ಲಿ ಹುಟ್ಟಿತು, ಯಾರ ಕೈಯಿಂದ ಯಾರ ಕೈಗೆ ಬಂತು ಎಂಬುದು ಅದರ ಸನದ್. ಸನದ್ ಕಳೆದುಕೊಂಡ ಚಿತ್ರ ಯಾರು ಏನು ಹೇಳಿಸಿದರೂ ಹೇಳುತ್ತದೆ.

ವಿಂಟೇಜ್ ಪ್ರಿಂಟ್ ಎಂದರೇನು?

ಫಿಲ್ಮ್ ಕ್ಯಾಮೆರಾದ ಕಾಲದಲ್ಲಿ ಛಾಯಾಗ್ರಾಹಕ ತೆಗೆದದ್ದು ನೆಗೆಟಿವ್. ಕತ್ತಲೆಕೋಣೆಯಲ್ಲಿ ಅದರ ಮೂಲಕ ಬೆಳಕನ್ನು ಹಾಯಿಸಿ, ಬೆಳ್ಳಿಯ ಲವಣ ಲೇಪಿಸಿದ ಕಾಗದದ ಮೇಲೆ ಚಿತ್ರವನ್ನು ಮೂಡಿಸಲಾಗುತ್ತಿತ್ತು. ಒಂದು ನೆಗೆಟಿವ್‌ನಿಂದ ನೂರು ಪ್ರತಿಗಳನ್ನು, ಐವತ್ತು ವರ್ಷ ಬಿಟ್ಟೂ ತೆಗೆಯಬಹುದು. ಚಿತ್ರ ತೆಗೆದ ಕಾಲದಲ್ಲೇ ಅಥವಾ ಅದರ ಸಮೀಪದ ಕೆಲವೇ ವರ್ಷಗಳಲ್ಲಿ, ಛಾಯಾಗ್ರಾಹಕನೇ ಅಥವಾ ಆತನ ಪರವಾಗಿ ಆತನ ಸಂಸ್ಥೆಯೇ ಮಾಡಿದ ಮುದ್ರಣವನ್ನು 'ವಿಂಟೇಜ್ ಪ್ರಿಂಟ್' ಎನ್ನುತ್ತಾರೆ. ಅದೇ ನೆಗೆಟಿವ್‌ನಿಂದ ದಶಕಗಳ ನಂತರ ಛಾಯಾಗ್ರಾಹಕನೇ ಮಾಡಿ ಸಹಿ ಹಾಕಿದ ಪ್ರತಿ ಅಸಲಿಯೇ ಆದರೂ ವಿಂಟೇಜ್ ಅಲ್ಲ. ಮುದ್ರಿತ ಚಿತ್ರವನ್ನೇ ಮತ್ತೆ ಕ್ಯಾಮೆರಾದಿಂದ ತೆಗೆದು ಮಾಡಿದ್ದು ನಕಲು ಪ್ರತಿ. ತಂತಿ ಅಥವಾ ರೇಡಿಯೊ ಮೂಲಕ ದೂರದ ಪತ್ರಿಕೆಗೆ ಕಳುಹಿಸಿದಾಗ ಅಲ್ಲಿ ಮೂಡಿದ್ದು 'ವೈರ್ ಫೋಟೊ'.

1945ರ ಫೆಬ್ರವರಿ 23ರಂದು ಜಪಾನಿನ ಐವೊ ಜಿಮಾ ದ್ವೀಪದಲ್ಲಿ ಜೋ ರೋಸೆಂತಾಲ್ ತೆಗೆದ ಅಮೆರಿಕನ್ ಸೈನಿಕರ ಧ್ವಜಾರೋಹಣದ ಚಿತ್ರ ಇದಕ್ಕೆ ಒಳ್ಳೆಯ ಉದಾಹರಣೆ. ಫಿಲ್ಮ್ ವಿಮಾನದಲ್ಲಿ ಗುವಾಮ್ ದ್ವೀಪಕ್ಕೆ ಹೋಗಿ, ಅಲ್ಲಿ ಮುದ್ರಣವಾಗಿ, ರೇಡಿಯೊ ಮೂಲಕ ಅಮೆರಿಕಕ್ಕೆ ರವಾನೆಯಾಯಿತು. ಎರಡೇ ದಿನದಲ್ಲಿ, ಫೆಬ್ರವರಿ 25ರ ಭಾನುವಾರದ ಪತ್ರಿಕೆಗಳ ಮುಖಪುಟದಲ್ಲಿ ಅದು ರಾರಾಜಿಸಿತು. ಆ ದಿನ ಪತ್ರಿಕಾ ಕಚೇರಿಗಳಲ್ಲಿ ಮೂಡಿದ ಮಸುಕು ಕಾಗದಕ್ಕೂ, ಅನಂತರ ನೆಗೆಟಿವ್‌ನಿಂದ ತೆಗೆದ ಸ್ಪಷ್ಟ ಪ್ರತಿಗೂ ವ್ಯತ್ಯಾಸವಿದೆ. ಒಂದು ಸುದ್ದಿಯ ಸಾಕ್ಷಿ, ಇನ್ನೊಂದು ದೃಶ್ಯದ ಸಾಕ್ಷಿ.

ಬೆನ್ನ ಮೇಲಿನ ಬರಹ

ಸಾಮಾನ್ಯರು ಚಿತ್ರದ ಮುಖವನ್ನು ನೋಡುತ್ತಾರೆ. ಅನುಭವಿ ಸಂಗ್ರಾಹಕರು ಮೊದಲು ಅದನ್ನು ಮಗುಚಿ ಬೆನ್ನನ್ನು ನೋಡುತ್ತಾರೆ. ಪತ್ರಿಕೆಗಾಗಿ ಮಾಡಿದ ಮುದ್ರಣದ ಹಿಂಬದಿ ಒಂದು ಪುಟ್ಟ ದಫ್ತರ. ಅಲ್ಲಿ ಛಾಯಾಗ್ರಾಹಕನ ಅಥವಾ ಸಂಸ್ಥೆಯ ಮೊಹರು ಇರುತ್ತದೆ. ಬೆರಳಚ್ಚು ಯಂತ್ರದಲ್ಲಿ ಟೈಪ್ ಮಾಡಿ ಅಂಟಿಸಿದ ವಿವರಣೆಯ ಚೀಟಿ, ಯುದ್ಧಕಾಲದ ಸೆನ್ಸಾರ್ ಅಧಿಕಾರಿಯ ಅನುಮತಿ ಮುದ್ರೆ, ಪ್ರಕಟವಾದ ದಿನಾಂಕ, ಎಷ್ಟು ಅಂಗುಲಕ್ಕೆ ಕುಗ್ಗಿಸಬೇಕೆಂಬ ಸಂಪಾದಕನ ಪೆನ್ಸಿಲ್ ಟಿಪ್ಪಣಿ ಎಲ್ಲವೂ ಸಿಗುತ್ತವೆ. ಮುಂಭಾಗದಲ್ಲಿ ಯಾವ ಭಾಗವನ್ನು ಕತ್ತರಿಸಬೇಕೆಂದು ಎಳೆದ ಗೆರೆಗಳೂ ಇರಬಹುದು. ಪತ್ರಿಕೆ ಓದುಗರಿಗೆ ಏನನ್ನು ತೋರಿಸಿತು, ಏನನ್ನು ತೋರಿಸಲಿಲ್ಲ ಎಂಬುದು ಆ ಗೆರೆಗಳಿಂದ ತಿಳಿಯುತ್ತದೆ.

ಈ ಮೊಹರುಗಳು ಕೆಲವೊಮ್ಮೆ ನ್ಯಾಯವನ್ನೂ ಒದಗಿಸುತ್ತವೆ. ಸ್ಪೇನಿನ ಅಂತರ್ಯುದ್ಧವನ್ನು (1936-39) ಚಿತ್ರಿಸಿದ ರಾಬರ್ಟ್ ಕಾಪಾ ಹೆಸರು ಲೋಕಪ್ರಸಿದ್ಧ. ಆತನ ಜೊತೆಗೇ ರಣರಂಗದಲ್ಲಿ ದುಡಿದ ಗೆರ್ಡಾ ಟಾರೊ ಎಂಬ ಯುವತಿ 1937ರ ಜುಲೈಯಲ್ಲಿ ಬ್ರುನೆಟೆ ಕಾಳಗದ ಸಮಯದಲ್ಲಿ ಪ್ರಾಣ ಕಳೆದುಕೊಂಡಳು. ಕಾಲಕ್ರಮೇಣ ಆಕೆಯ ಹೆಸರು ಮರೆಯಾಗಿ, ಆಕೆಯ ಎಷ್ಟೋ ಚಿತ್ರಗಳು ಕಾಪಾನ ಹೆಸರಿನಲ್ಲಿ ಚಲಾವಣೆಗೊಂಡವು. ಆದರೆ ಅಂದಿನ ಮುದ್ರಣಗಳ ಬೆನ್ನಿನಲ್ಲಿ ಟಾರೊ ಹೆಸರಿನ ಮೊಹರು ಉಳಿದಿತ್ತು. ಕಾಪಾ, ಟಾರೊ ಮತ್ತು ಡೇವಿಡ್ ಸೆಮೋರ್ ಈ ಮೂವರ ಸುಮಾರು 4500 ನೆಗೆಟಿವ್‌ಗಳಿದ್ದ ಮೂರು ಪೆಟ್ಟಿಗೆಗಳು ಮೆಕ್ಸಿಕೊ ನಗರದಲ್ಲಿ ಪತ್ತೆಯಾಗಿ 2007ರ ಡಿಸೆಂಬರ್‌ನಲ್ಲಿ ನ್ಯೂಯಾರ್ಕಿನ ಇಂಟರ್‌ನ್ಯಾಷನಲ್ ಸೆಂಟರ್ ಆಫ್ ಫೊಟೊಗ್ರಫಿಯನ್ನು ತಲುಪಿದವು. ಸುಮಾರು 70 ವರ್ಷಗಳ ನಂತರ ಆ ಹೆಣ್ಣುಮಗಳ ದುಡಿಮೆ ಆಕೆಯ ಹೆಸರಿಗೆ ಮರಳಿತು.

ಅದೇ ಕಾಪಾನ ಅತ್ಯಂತ ಪ್ರಸಿದ್ಧ ಚಿತ್ರ 'ಬೀಳುತ್ತಿರುವ ಯೋಧ'. ಅದು 1936ರ ಸೆಪ್ಟೆಂಬರ್ 23ರಂದು ಫ್ರಾನ್ಸಿನ 'ವ್ಯೂ' ಪತ್ರಿಕೆಯಲ್ಲಿ ಪ್ರಕಟವಾಯಿತು. ಅದರ ನೆಗೆಟಿವ್ ಮೆಕ್ಸಿಕೊದ ಪೆಟ್ಟಿಗೆಗಳಲ್ಲೂ ಸಿಗಲಿಲ್ಲ. ಉಳಿದಿರುವುದು ಮುದ್ರಣಗಳು ಮಾತ್ರ. ಅದು ಸೆರ್ರೊ ಮುರಿಯಾನೊ ಎಂಬಲ್ಲಿ ತೆಗೆದ ಚಿತ್ರವೆಂದು ಬಹುಕಾಲ ನಂಬಲಾಗಿತ್ತು. ಅದೇ ಸರಣಿಯ ಬೇರೆ ಚಿತ್ರಗಳ ಹಿನ್ನೆಲೆಯಲ್ಲಿ ಕಾಣುವ ಬೆಟ್ಟಸಾಲನ್ನು ಪರಿಶೀಲಿಸಿದ ಸ್ಪೇನಿನ ಸಂಶೋಧಕ ಹೊಸೆ ಮ್ಯಾನುಯೆಲ್ ಸುಸ್ಪೆರೆಗಿ, ಆ ಸ್ಥಳ ದೂರದ ಎಸ್ಪೆಹೊ ಎಂದು 2009ರಲ್ಲಿ ತೋರಿಸಿದರು. ಸೆಪ್ಟೆಂಬರ್ ತಿಂಗಳ ಆರಂಭದಲ್ಲಿ ಅಲ್ಲಿ ಕಾಳಗವೇ ನಡೆದಿರಲಿಲ್ಲ. ಜಗತ್ತು ಒಂದೇ ಒಂದು ಪ್ರಸಿದ್ಧ ಚಿತ್ರವನ್ನು ಮಾತ್ರ ಉಳಿಸಿಕೊಂಡು ಸರಣಿಯ ಉಳಿದ ಸಾಧಾರಣ ಚಿತ್ರಗಳನ್ನು ಎಸೆದಿದ್ದರೆ ಈ ಪ್ರಶ್ನೆ ಏಳುತ್ತಲೇ ಇರಲಿಲ್ಲ.

ಬರ್ಲಿನ್‌ನ ಧ್ವಜ

ಮೂಲ ಮುದ್ರಣದ ಮಹತ್ವವನ್ನು ತಿಳಿಯಲು ಇನ್ನೊಂದು ಚಿತ್ರದ ಕಥೆಯನ್ನು ಸ್ವಲ್ಪ ವಿವರವಾಗಿ ನೋಡೋಣ. ಅದನ್ನು ತೆಗೆದವರು ಸೋವಿಯತ್ ಒಕ್ಕೂಟದ 'ತಾಸ್' ಸುದ್ದಿಸಂಸ್ಥೆಯ ಯೆವ್ಗೆನಿ ಖಾಲ್ದೇಯ್. 1917ರಲ್ಲಿ ಇಂದಿನ ಉಕ್ರೇನಿನ ದೊನೆತ್ಸ್ಕ್ ನಗರದ ಯಹೂದಿ ಕುಟುಂಬದಲ್ಲಿ ಅವರು ಜನಿಸಿದರು. ಒಂದು ವರ್ಷದ ಮಗುವಾಗಿದ್ದಾಗ ಯಹೂದಿ ವಿರೋಧಿ ದೊಂಬಿಯಲ್ಲಿ ತಾಯಿಯನ್ನು ಕಳೆದುಕೊಂಡರು. ತಾಯಿಯ ದೇಹವನ್ನು ಸೀಳಿದ ಗುಂಡು ಮಗುವಿಗೂ ತಗುಲಿತ್ತು. ಎರಡನೆಯ ಮಹಾಯುದ್ಧದಲ್ಲಿ ಅವರ ತಂದೆ ಹಾಗೂ ಸಹೋದರಿಯರನ್ನು ನಾಜಿಗಳು ಕೊಂದರು. ಕ್ಯಾಮೆರಾ ಹಿಡಿದು ಸೇನೆಯೊಂದಿಗೆ ಬರ್ಲಿನ್ ತಲುಪಿದಾಗ ಅವರಿಗೆ 28 ವರ್ಷ.

ಸೋವಿಯತ್ ಸೈನಿಕರು 1945ರ ಏಪ್ರಿಲ್ 30ರ ರಾತ್ರಿ ಜರ್ಮನ್ ಸಂಸತ್ ಭವನವಾದ ರೈಖ್‌ಸ್ಟಾಗ್ ಮೇಲೆ ಧ್ವಜ ನೆಟ್ಟಿದ್ದರು. ಕತ್ತಲೆಯಲ್ಲಿ ಅದರ ಚಿತ್ರ ತೆಗೆಯುವಂತಿರಲಿಲ್ಲ. ಖಾಲ್ದೇಯ್ ಮಾಸ್ಕೊದಿಂದಲೇ ಕೆಂಪು ಮೇಜುಬಟ್ಟೆಯಲ್ಲಿ ಹೊಲಿಸಿದ ಧ್ವಜಗಳನ್ನು ತಂದಿದ್ದರು. ಮೇ 2ರಂದು ಅಂತಹ ಒಂದು ಧ್ವಜದೊಂದಿಗೆ ಛಾವಣಿ ಏರಿ, ಅಲ್ಲಿದ್ದ ಸೈನಿಕರ ಕೈಗೆ ಕೊಟ್ಟು, ಒಂದು ರೀಲಿನ 36 ಚಿತ್ರಗಳನ್ನು ತೆಗೆದರು. ಅಂದರೆ ನಾವು ನೋಡುವುದು ವಿಜಯದ ಮೊದಲ ಕ್ಷಣವನ್ನಲ್ಲ, ಅದರ ಮರುಪ್ರದರ್ಶನವನ್ನು.

ಕಥೆ ಅಲ್ಲಿಗೆ ಮುಗಿಯಲಿಲ್ಲ. ಧ್ವಜ ಹಿಡಿದವನಿಗೆ ಕೆಳಗಿನಿಂದ ಆಸರೆಯಾಗಿದ್ದ ಸೈನಿಕನ ಎರಡೂ ಮಣಿಕಟ್ಟುಗಳಲ್ಲಿ ಕೈಗಡಿಯಾರದಂತಹ ವಸ್ತು ಕಾಣುತ್ತಿತ್ತು. ಎರಡು ಗಡಿಯಾರ ಎಂದರೆ ಲೂಟಿಯ ಮಾಲು ಎಂದು ಜನ ಭಾವಿಸಬಹುದೆಂಬ ಭಯ ಸಂಸ್ಥೆಗೆ. ಖಾಲ್ದೇಯ್ ಸೂಜಿಯಿಂದ ನೆಗೆಟಿವನ್ನು ಕೆರೆದು ಒಂದು ಗಡಿಯಾರವನ್ನು ಅಳಿಸಿದರು. ದೃಶ್ಯಕ್ಕೆ ರಣರಂಗದ ಕಳೆ ಬರಲೆಂದು ಇನ್ನೊಂದು ನೆಗೆಟಿವ್‌ನಿಂದ ದಟ್ಟ ಹೊಗೆಯನ್ನೂ ಸೇರಿಸಲಾಯಿತು. 1945ರ ಮೇ 13ರಂದು 'ಒಗೊನ್ಯೋಕ್' ಪತ್ರಿಕೆಯಲ್ಲಿ ಚಿತ್ರ ಪ್ರಕಟವಾಯಿತು. ಇಂದು ಗಡಿಯಾರವಿರುವುದು, ಇಲ್ಲದ್ದು, ಹೊಗೆಯಿರುವುದು, ಇಲ್ಲದ್ದು ಹೀಗೆ ಒಂದೇ ಚಿತ್ರದ ಹಲವು ರೂಪಗಳು ಜಗತ್ತಿನಲ್ಲಿವೆ. 1948ರಲ್ಲಿ ಖಾಲ್ದೇಯ್ ತಾಸ್‌ನ ಕೆಲಸ ಕಳೆದುಕೊಂಡರು. ಪಶ್ಚಿಮದ ದೇಶಗಳಲ್ಲಿ ಅವರ ಹೆಸರು ಪ್ರಸಿದ್ಧವಾದದ್ದು 1990ರ ದಶಕದಲ್ಲಿ, ಅವರ ಬದುಕಿನ ಕೊನೆಯ ವರ್ಷಗಳಲ್ಲಿ. ಅವರು 1997ರಲ್ಲಿ ನಿಧನರಾದರು.

ಇಲ್ಲಿ ಒಂದು ಸೂಕ್ಷ್ಮವನ್ನು ಗಮನಿಸಬೇಕು. ಹಳೆಯ ಕಾಗದವೆಂದ ಮಾತ್ರಕ್ಕೆ ಅದರಲ್ಲಿರುವುದೆಲ್ಲ ಸತ್ಯವಲ್ಲ. 1945ರ ತಿದ್ದಿದ ಮುದ್ರಣವೂ ವಿಂಟೇಜ್ ಮುದ್ರಣವೇ. ಆದರೆ ಆ ತಿದ್ದುಪಡಿ ಯಾವಾಗ ಆಯಿತು, ಎಲ್ಲಿ ಆಯಿತು, ಯಾವ ರೂಪ ಮೊದಲು ಬಂತು ಎಂದು ಹೇಳಬಲ್ಲದ್ದು ಆ ಕಾಲದ ಕಾಗದಗಳೇ. ತಿದ್ದಿದ್ದನ್ನೂ ತಿದ್ದದ್ದನ್ನೂ ಪಕ್ಕಪಕ್ಕದಲ್ಲಿ ಇಟ್ಟಾಗ ಮಾತ್ರ ಸುಳ್ಳು ಸಿಕ್ಕಿಬೀಳುತ್ತದೆ.

ಐವತ್ತು ವರ್ಷ ಹೆಸರಿಲ್ಲದವರು

ಈ ಚಿತ್ರದಲ್ಲಿರುವ ಸೈನಿಕರು ಯಾರು? ಬರ್ಲಿನ್ ವಿಜಯದ ಅಧಿಕೃತ ಕಥೆಯಲ್ಲಿ ಧ್ವಜ ಹಾರಿಸಿದವರೆಂದು ಹೇಳುತ್ತಿದ್ದದ್ದು ರಷ್ಯದ ಯೆಗೊರೊವ್ ಮತ್ತು ಜಾರ್ಜಿಯದ ಕಂಟಾರಿಯಾ ಎಂಬಿಬ್ಬರ ಹೆಸರು. ಖಾಲ್ದೇಯ್ ಚಿತ್ರದಲ್ಲಿದ್ದವರು ಅವರಲ್ಲ. 1990ರ ದಶಕದಲ್ಲಿ ಸತ್ಯ ಹೊರಬಂತು. ಧ್ವಜ ಹಿಡಿದವರು ಅಲೆಕ್ಸಿ ಕೊವಲ್ಯೋವ್. ನೆರವಾದವರು ಲಿಯೊನಿದ್ ಗೊರಿಚೆವ್ ಮತ್ತು ಅಬ್ದುಲ್ ಹಕೀಮ್ ಇಸ್ಮಾಯಿಲೊವ್.

ಇಸ್ಮಾಯಿಲೊವ್ ಕಾಕಸಸ್ ಪರ್ವತಪ್ರದೇಶದ ದಾಗೆಸ್ತಾನದವರು, ಕುಮಿಕ್ ಎಂಬ ಮುಸ್ಲಿಂ ಸಮುದಾಯಕ್ಕೆ ಸೇರಿದವರು. ಸ್ಟಾಲಿನ್‌ಗ್ರಾಡ್ ಕಾಳಗದಲ್ಲೂ ಹೋರಾಡಿದವರು. ಯುದ್ಧ ಮುಗಿದ ಮೇಲೆ ಊರಿಗೆ ಮರಳಿ ಸಾಧಾರಣ ಬದುಕು ನಡೆಸಿದರು. ಅವರ ಚಿತ್ರ ಜಗತ್ತಿನ ಪುಸ್ತಕಗಳಲ್ಲೆಲ್ಲ ಅಚ್ಚಾಗುತ್ತಿತ್ತು. ಹೆಸರು ಮಾತ್ರ ಎಲ್ಲೂ ಇರಲಿಲ್ಲ. 1996ರಲ್ಲಿ ಅವರಿಗೆ 'ರಷ್ಯಾ ಒಕ್ಕೂಟದ ವೀರ' ಪದವಿ ದೊರೆಯಿತು. ಆಗ ಅವರ ವಯಸ್ಸು ಎಂಬತ್ತರ ಆಸುಪಾಸು. 2010ರ ಫೆಬ್ರವರಿಯಲ್ಲಿ ಅವರು ನಿಧನರಾದರು. ಒಬ್ಬ ಮುಸ್ಲಿಂ ಸೈನಿಕ, ಒಬ್ಬ ಯಹೂದಿ ಛಾಯಾಗ್ರಾಹಕ, ನಾಜಿಗಳ ಸೋಲಿನ ಚಿತ್ರ - ಈ ಮೂರೂ ಒಂದೇ ಕಾಗದದ ಮೇಲಿದ್ದವೆಂಬುದು ಜಗತ್ತಿಗೆ ತಿಳಿಯಲು ಅರ್ಧ ಶತಮಾನ ಹಿಡಿಯಿತು. ಚಿತ್ರದ ಹಿಂದೆ ಅಂದೇ ಆ ಮೂರು ಹೆಸರುಗಳು ಬರೆದಿಟ್ಟು ಪ್ರಕಟವಾಗಿದ್ದರೆ ಈ ಮರೆವು ಸಂಭವಿಸುತ್ತಿರಲಿಲ್ಲ. ಹೆಸರು ಬರೆಯುವುದು ಸಣ್ಣ ಕೆಲಸ. ಬರೆಯದಿರುವುದು ದೊಡ್ಡ ಅನ್ಯಾಯ.

ನಮ್ಮ ಉಪಖಂಡದ ಚಿತ್ರಗಳು

ಈ ಮಾತು ಯೂರೋಪಿಗೆ ಮಾತ್ರ ಸೀಮಿತವಲ್ಲ. 1857ರ ಸ್ವಾತಂತ್ರ್ಯ ಸಂಗ್ರಾಮದ ಮರುವರ್ಷ ಫೆಲಿಸ್ ಬಿಯಾಟೊ ಎಂಬ ಛಾಯಾಗ್ರಾಹಕ ಲಖ್ನೋಗೆ ಬಂದ. ಸಿಕಂದರ್ ಬಾಗ್‌ನಲ್ಲಿ ಬ್ರಿಟಿಷ್ ಸೇನೆ ಭಾರತೀಯ ಸಿಪಾಯಿಗಳನ್ನು ಕೊಂದದ್ದು 1857ರ ನವೆಂಬರ್‌ನಲ್ಲಿ. ಬಿಯಾಟೊ ಚಿತ್ರ ತೆಗೆದದ್ದು 1858ರಲ್ಲಿ. ಆದರೂ ಆತನ ಚಿತ್ರದಲ್ಲಿ ಅಂಗಳದ ತುಂಬ ಅಸ್ಥಿಪಂಜರಗಳು ಹರಡಿಕೊಂಡಿವೆ. ಚಿತ್ರಕ್ಕಾಗಿಯೇ ಮೂಳೆಗಳನ್ನು ಹೊರತೆಗೆದು ಹರಡಲಾಗಿತ್ತು ಎಂಬುದನ್ನು ಅಂದಿನ ಬ್ರಿಟಿಷರೇ ದಾಖಲಿಸಿದ್ದಾರೆ. ಇಂತಹ ಚಿತ್ರಗಳು ಆಲ್ಬಮ್‌ಗಳಾಗಿ ಬ್ರಿಟಿಷ್ ಅಧಿಕಾರಿಗಳೊಂದಿಗೆ ಕಡಲಾಚೆಗೆ ಹೋದವು. ನಮ್ಮ ಸೋಲಿನ ದಾಖಲೆ ಅವರ ಮನೆಯ ನೆನಪಿನ ಕಾಣಿಕೆಯಾಯಿತು.

ಹಾಗೆ ಹೊರಹೋದ ಹಳೆಯ ಮುದ್ರಣಗಳನ್ನು ಹುಡುಕಿ ಸಂಗ್ರಹಿಸಿದವರಲ್ಲಿ ಅಗ್ರಗಣ್ಯರು ಇಬ್ರಾಹಿಂ ಅಲ್ಕಾಜಿ. ಅರಬ್ ಮೂಲದ ಕುಟುಂಬದಲ್ಲಿ 1925ರಲ್ಲಿ ಪುಣೆಯಲ್ಲಿ ಜನಿಸಿದ ಅವರು ದೆಹಲಿಯ ರಾಷ್ಟ್ರೀಯ ನಾಟಕ ಶಾಲೆಯ ನಿರ್ದೇಶಕರಾಗಿ 1962ರಿಂದ 1977ರವರೆಗೆ ಒಂದು ಪೀಳಿಗೆಯ ಕಲಾವಿದರನ್ನು ತಯಾರು ಮಾಡಿದವರೆಂದು ಎಲ್ಲರಿಗೂ ಗೊತ್ತು. ಅವರು ಕಟ್ಟಿದ ಛಾಯಾಚಿತ್ರ ಸಂಗ್ರಹದಲ್ಲಿ ದಕ್ಷಿಣ ಏಷ್ಯಾ ಮತ್ತು ನೆರೆಯ ಪ್ರದೇಶಗಳ ಸುಮಾರು ಒಂದು ಲಕ್ಷ ಚಿತ್ರಗಳಿವೆ ಎಂಬುದು ಅಷ್ಟಾಗಿ ಪ್ರಚಾರ ಪಡೆದಿಲ್ಲ. 1857ರ ಲಖ್ನೋ ಮತ್ತು ದೆಹಲಿಯ ಚಿತ್ರಗಳೂ ಅದರಲ್ಲಿವೆ. 2020ರಲ್ಲಿ ಅವರು ನಿಧನರಾದರು. ಆ ಸಂಗ್ರಹವನ್ನು ಆಧರಿಸಿ ಬಂದ ಪುಸ್ತಕಗಳು ಇಂದು ವಿದ್ವಾಂಸರಿಗೆ ಆಕರಗಳಾಗಿವೆ.

ಎರಡನೆಯ ಮಹಾಯುದ್ಧದ ಕಾಲದಲ್ಲಿ, 1943ರಲ್ಲಿ, ಬಂಗಾಳದ ಕ್ಷಾಮ ಸುಮಾರು 30 ಲಕ್ಷ ಜನರನ್ನು ಬಲಿ ತೆಗೆದುಕೊಂಡಿತೆಂದು ಅಂದಾಜು. ಸೆನ್ಸಾರ್ ಬಿಗಿಯಾಗಿದ್ದ ದಿನಗಳವು. ಆ ವರ್ಷದ ಆಗಸ್ಟ್ 22ರಂದು ಕಲ್ಕತ್ತೆಯ 'ದಿ ಸ್ಟೇಟ್ಸ್‌ಮನ್' ಪತ್ರಿಕೆ ಬೀದಿಯಲ್ಲಿ ಸಾಯುತ್ತಿದ್ದವರ ಚಿತ್ರಗಳನ್ನು ಅಚ್ಚು ಹಾಕಿದಾಗಲೇ ಹೊರಜಗತ್ತಿನ ಕಣ್ಣು ತೆರೆದದ್ದು. ಯುವಕ ಸುನೀಲ್ ಜಾನಾ ಹಳ್ಳಿಹಳ್ಳಿ ಸುತ್ತಿ ತೆಗೆದ ಚಿತ್ರಗಳು ಕಮ್ಯುನಿಸ್ಟ್ ಪಕ್ಷದ 'ಪೀಪಲ್ಸ್ ವಾರ್' ವಾರಪತ್ರಿಕೆಯಲ್ಲಿ ಬಂದವು. 2012ರಲ್ಲಿ ತಮ್ಮ 94ನೆಯ ವಯಸ್ಸಿನಲ್ಲಿ ಜಾನಾ ಅಮೆರಿಕದಲ್ಲಿ ತೀರಿಕೊಂಡರು. ಕ್ಷಾಮವೇ ಇರಲಿಲ್ಲ ಎಂದು ಯಾರಾದರೂ ಹೇಳಿದರೆ ಉತ್ತರ ಕೊಡಲು ಈ ಕಾಗದಗಳಿವೆ.

ಅಸಲಿ ಯಾವುದು, ನಕಲಿ ಯಾವುದು?

ಹಣ ಎಲ್ಲಿದೆಯೋ ಅಲ್ಲಿ ಮೋಸವೂ ಇರುತ್ತದೆ. ವಿಂಟೇಜ್ ಮುದ್ರಣಕ್ಕೆ ಹರಾಜಿನಲ್ಲಿ ದೊಡ್ಡ ಬೆಲೆ ಬರುತ್ತಿದ್ದಂತೆ ನಕಲಿಗಳೂ ಬಂದವು. ಅವುಗಳನ್ನು ಪತ್ತೆ ಮಾಡುವುದು ಒಂದು ಶಾಸ್ತ್ರವೇ ಆಗಿದೆ. 1950ರ ದಶಕದಿಂದ ಫೋಟೊ ಕಾಗದ ಹೆಚ್ಚು ಬೆಳ್ಳಗೆ ಕಾಣಲೆಂದು ಅದಕ್ಕೆ ಹೊಳಪಿನ ರಾಸಾಯನಿಕ ಬೆರೆಸಲು ಆರಂಭಿಸಿದರು. ಅಂತಹ ಕಾಗದ ನೇರಳಾತೀತ ದೀಪದ ಕೆಳಗೆ ನೀಲಿಯಾಗಿ ಹೊಳೆಯುತ್ತದೆ. 1944ರದ್ದೆಂದು ಹೇಳುವ ಮುದ್ರಣ ಹಾಗೆ ಹೊಳೆದರೆ ಅದು ಆ ಕಾಲದ್ದಲ್ಲ ಎಂದೇ ಅರ್ಥ. ಬಾಲಕಾರ್ಮಿಕರ ಚಿತ್ರಗಳಿಗೆ ಹೆಸರಾದ ಅಮೆರಿಕದ ಲೂಯಿಸ್ ಹೈನ್ 1940ರಲ್ಲೇ ತೀರಿಕೊಂಡಿದ್ದರು. ಅವರ ಸಹಿಯೊಂದಿಗೆ ಮಾರಾಟವಾಗಿದ್ದ ಹಲವು ಮುದ್ರಣಗಳ ಕಾಗದದಲ್ಲಿ ಈ ರಾಸಾಯನಿಕ ಇದ್ದದ್ದು 1990ರ ದಶಕದ ಕೊನೆಯಲ್ಲಿ ಬಯಲಾಗಿ ದೊಡ್ಡ ಗದ್ದಲವೇ ಆಯಿತು. ಪ್ಲಾಸ್ಟಿಕ್ ಲೇಪನದ ಕಾಗದ ಬಳಕೆಗೆ ಬಂದದ್ದು ಇನ್ನೂ ತಡವಾಗಿ. ಹಳೆಯ ಬೆಳ್ಳಿ ಮುದ್ರಣಗಳ ಅಂಚಿನ ಕಪ್ಪು ಭಾಗದಲ್ಲಿ ಕನ್ನಡಿಯಂತಹ ಲೋಹದ ಹೊಳಪು ಮೂಡಿರುವುದೂ ವಯಸ್ಸಿನ ಒಂದು ಗುರುತು.

ಕೊಳ್ಳುವವರು ತಿಳಿದಿರಬೇಕಾದ ಇನ್ನೊಂದು ಸಂಗತಿ ಇದೆ. ಕಾಗದ ಕೊಂಡವನಿಗೆ ಕಾಗದ ಮಾತ್ರ ಸ್ವಂತ. ಅದನ್ನು ಮತ್ತೆ ಪ್ರಕಟಿಸುವ ಹಕ್ಕು ಛಾಯಾಗ್ರಾಹಕನದು, ಆತನ ವಾರಸುದಾರರದು ಅಥವಾ ಸಂಸ್ಥೆಯದು.

ಸಂಗ್ರಾಹಕನ ಅಮಾನತ್

ಸತ್ತವರ, ಹಸಿದವರ, ಸೋತವರ ಚಿತ್ರಕ್ಕೆ ಬೆಲೆ ಕಟ್ಟಿ ಹರಾಜು ಕೂಗುವುದು ಸರಿಯೇ ಎಂದು ಯಾರಾದರೂ ಕೇಳಿದರೆ ಆ ಪ್ರಶ್ನೆಯನ್ನು ತಳ್ಳಿಹಾಕುವಂತಿಲ್ಲ. ಮೃತರಿಗೂ ಮರ್ಯಾದೆ ಇದೆ ಎಂದು ಕಲಿಸುವ ಧರ್ಮ ನಮ್ಮದು. ಬೈಠಕ್‌ಖಾನೆಯ ಗೋಡೆಗೆ ಅಲಂಕಾರವಾಗಲೆಂದು ಪರರ ಸಂಕಟವನ್ನು ಕೊಳ್ಳುವುದು ಖಂಡಿತ ಶೋಭೆಯಲ್ಲ. ಆದರೆ ಯಾರೂ ಕೊಳ್ಳದಿದ್ದರೆ ಆ ಕಾಗದಗಳು ರದ್ದಿಗೆ ಹೋಗುತ್ತವೆ ಎಂಬುದೂ ಅಷ್ಟೇ ನಿಜ. ಕಂಪ್ಯೂಟರ್ ಯುಗ ಬಂದಾಗ ಅನೇಕ ಪತ್ರಿಕಾ ಕಚೇರಿಗಳು ಜಾಗ ಸಾಲದೆಂದು ತಮ್ಮ ಹಳೆಯ ಮುದ್ರಣಗಳ ರಾಶಿಯನ್ನೇ ಹೊರಹಾಕಿದವು.

ಹಾಗಾದರೆ ಮಾರ್ಗ ಯಾವುದು? ಸಂಗ್ರಹವನ್ನು ಸೊತ್ತು ಎಂದು ಭಾವಿಸದೆ ಅಮಾನತ್ ಎಂದು ಭಾವಿಸುವುದು. 1947ರಲ್ಲಿ ಕಾಪಾ ಮತ್ತು ಗೆಳೆಯರು ಸ್ಥಾಪಿಸಿದ 'ಮ್ಯಾಗ್ನಮ್' ಸಂಸ್ಥೆಯ ನ್ಯೂಯಾರ್ಕ್ ಕಚೇರಿಯಲ್ಲಿದ್ದ ಸುಮಾರು 2 ಲಕ್ಷ ಪತ್ರಿಕಾ ಮುದ್ರಣಗಳು 2010ರಲ್ಲಿ ಖಾಸಗಿಯವರಿಗೆ ಮಾರಾಟವಾದವು. ಕೊಂಡವರು ಅವುಗಳನ್ನು ಬಿಡಿಬಿಡಿಯಾಗಿ ಮಾರಲಿಲ್ಲ. ಟೆಕ್ಸಾಸ್ ವಿಶ್ವವಿದ್ಯಾಲಯದ ಹ್ಯಾರಿ ರ‍್ಯಾನ್ಸಮ್ ಕೇಂದ್ರದಲ್ಲಿ ಇರಿಸಿ, 2013ರಲ್ಲಿ ಅದಕ್ಕೇ ದಾನವಾಗಿ ಕೊಟ್ಟರು. ವಕ್ಫ್‌ನ ಆಶಯವನ್ನು ಅರಿತ ನಮಗೆ ಇದರ ಬೆಲೆಯನ್ನು ವಿವರಿಸಬೇಕಾಗಿಲ್ಲ. ಒಬ್ಬನ ಹಣದಿಂದ ಉಳಿದದ್ದು ಎಲ್ಲರ ಜ್ಞಾನಕ್ಕೆ ಒದಗಿತು.

ಇಂದು ಯಾವುದೋ ದೇಶದ, ಯಾವುದೋ ವರ್ಷದ ಯುದ್ಧಚಿತ್ರ ಇನ್ನಾವುದೋ ಘಟನೆಯ ಹೆಸರಿನಲ್ಲಿ ಮೊಬೈಲ್‌ನಿಂದ ಮೊಬೈಲ್‌ಗೆ ಹಾರುತ್ತದೆ. ಕೃತಕ ಬುದ್ಧಿಮತ್ತೆಯು ನಡೆಯದೇ ಇದ್ದ ಘಟನೆಯ ಚಿತ್ರವನ್ನೂ ಸೃಷ್ಟಿಸಬಲ್ಲದು. ಖಾಲ್ದೇಯ್ ಸೂಜಿ ಹಿಡಿದು ಕಷ್ಟಪಟ್ಟು ಮಾಡಿದ್ದನ್ನು ಇಂದು ಶಾಲೆಯ ಬಾಲಕನೂ ಒಂದು ನಿಮಿಷದಲ್ಲಿ ಮಾಡಬಲ್ಲ. ಇಂತಹ ಚಿತ್ರಗಳಿಂದ ಊರುಗಳಲ್ಲಿ ದ್ವೇಷ ಹಬ್ಬಿದ್ದನ್ನೂ ನಾವು ಬಲ್ಲೆವು. ಸುದ್ದಿ ಬಂದಾಗ ಮೊದಲು ಪರಿಶೀಲಿಸಿರಿ ಎಂಬ ಪವಿತ್ರ ಕುರ್‌ಆನಿನ ಆದೇಶ ಚಿತ್ರಕ್ಕೂ ಅನ್ವಯಿಸುತ್ತದೆ. ಚಿತ್ರವನ್ನು ಮುಂದಕ್ಕೆ ಕಳುಹಿಸುವ ಪ್ರತಿಯೊಬ್ಬನೂ ಅದರ ಒಬ್ಬ ರಾವಿ. ಸುಳ್ಳಿನ ರಾವಿಯಾಗದಂತೆ ಎಚ್ಚರ ವಹಿಸುವುದು ಅವನ ಹೊಣೆ.

ವಿದ್ಯಾರ್ಥಿ ಮಿತ್ರರು ಹರಾಜುಗಳಲ್ಲಿ ಕಾಪಾ, ಖಾಲ್ದೇಯ್ ಮುದ್ರಣಗಳನ್ನು ಕೊಳ್ಳಬೇಕಾಗಿಲ್ಲ. ಆದರೆ ಸಂಗ್ರಹದ ಶಿಸ್ತನ್ನು ಮನೆಯಿಂದಲೇ ಆರಂಭಿಸಬಹುದು. ಮನೆಯ, ಮದ್ರಸದ, ಸಂಘದ ಹಳೆಯ ಚಿತ್ರಗಳನ್ನು ಹುಡುಕಿರಿ. ಅವುಗಳಲ್ಲಿರುವವರ ಹೆಸರು, ಸ್ಥಳ, ವರ್ಷವನ್ನು ಹಿರಿಯರು ಬದುಕಿರುವಾಗಲೇ ಕೇಳಿ, ಹಿಂಬದಿಯಲ್ಲಿ ಮೆದು ಪೆನ್ಸಿಲ್‌ನಿಂದ ಬರೆಯಿರಿ, ಬಾಲ್‌ಪೆನ್ ಬೇಡ. ಲ್ಯಾಮಿನೇಷನ್ ಮಾಡಿಸಬೇಡಿ, ಅಂಟಿನ ಆಲ್ಬಮ್‌ಗಳಲ್ಲಿ ಒತ್ತಬೇಡಿ, ತೇವವಿರುವ ಗೋಡೆಯ ಬಳಿ ಇಡಬೇಡಿ. ಸ್ಕ್ಯಾನ್ ಮಾಡುವಾಗ ಮುಂಭಾಗದ ಜೊತೆಗೆ ಬೆನ್ನನ್ನೂ ಸ್ಕ್ಯಾನ್ ಮಾಡಿರಿ. ಸ್ಕ್ಯಾನ್ ಆಯಿತೆಂದು ಮೂಲವನ್ನು ಎಸೆಯಬೇಡಿ. ಇಸ್ಮಾಯಿಲೊವ್ ಅವರ ಹೆಸರು ಜಗತ್ತಿಗೆ ತಿಳಿಯಲು 50 ವರ್ಷ ಬೇಕಾಯಿತು. ನಮ್ಮ ಹಿರಿಯರ ಹೆಸರುಗಳು ಅಷ್ಟು ಕಾಲ ಕಾಯಬೇಕಾಗಿಲ್ಲ.